ನಮ್ಮ ಇಂಟರ್ನೆಟ್ ರೇಡಿಯೊದಲ್ಲಿ ಹಾಡು ಹಾಕಲು ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಬಂಗಾರಪೇಟೆಯ ಒಂದು ಕೋಣೆಯಿಂದ ಇಂಟರ್ನೆಟ್ ರೇಡಿಯೊ ನಡೆಸುತ್ತಿದ್ದೇವೆ. ದಿನಕ್ಕೆ ಹತ್ತು ಗಂಟೆ. ಹಳೆಯ ಸಿನಿಮಾ ಹಾಡು, ಭಾವಗೀತೆ, ನಡುವೆ ಟೊಮೆಟೊ ಮಂಡಿಯ ರೇಟು, ರೇಷ್ಮೆಗೂಡಿನ ರೇಟು. ಒಂದು ಹೊತ್ತಿಗೆ ನಲವತ್ತು, ಐವತ್ತು ಜನ ಕೇಳುತ್ತಾರೆ. ಬೀಜದ ಅಂಗಡಿಯೊಂದರ ಜಾಹೀರಾತು ಬಿಟ್ಟರೆ ವರಮಾನ ಇಲ್ಲ. ಬರೆದವರ, ಹಾಡಿದವರ ಹೆಸರನ್ನು ತಪ್ಪದೆ ಹೇಳುತ್ತೇವೆ. ಹೋದ ವಾರ ಸರ್ವರ್ ಕಂಪನಿಯಿಂದ ‘ಹಾಡುಗಳ ಲೈಸೆನ್ಸ್ ತೋರಿಸಿ’ ಎಂದು ಮೇಲ್ ಬಂತು. ಇಷ್ಟು ಸಣ್ಣವರಿಗೂ ಲೈಸೆನ್ಸ್ ಬೇಕಾ? ಎಫ್‌ಎಂನವರು ಕಟ್ಟುವ ರೇಟಿನಲ್ಲೇ ನಾವೂ ಕಟ್ಟಬಹುದಾ?

ಉತ್ತರ: ಬೇಕು. ನಲವತ್ತು ಜನ ಕೇಳಿದರೂ ಬೇಕು, ನಾಲ್ಕು ಸಾವಿರ ಜನ ಕೇಳಿದರೂ ಬೇಕು. ಹೆಸರು ಹೇಳುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ‘ಮೂವತ್ತು ಸೆಕೆಂಡ್ ಒಳಗೆ ಹಾಕಿದರೆ ಫ್ರೀ’ ಎನ್ನುವ ಮಾತು ಕೂಡ ಸುಮ್ನೆ ಹಬ್ಬಿದ್ದು. ಅಂಥ ನಿಯಮ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಗೊಂದಲ ಶುರುವಾಗುವುದು ಇಲ್ಲಿ. ನಮಗೆ ಕೇಳಿಸುವುದು ಒಂದೇ ಹಾಡು. ಕಾನೂನಿನ ಕಣ್ಣಿಗೆ ಅದರಲ್ಲಿ ಮೂರು ಸ್ವತ್ತುಗಳಿವೆ. ಬರೆದವರ ಸಾಹಿತ್ಯ ಒಂದು. ಕಟ್ಟಿದವರ ರಾಗ ಇನ್ನೊಂದು. ರೆಕಾರ್ಡ್ ಮಾಡಿಸಿದ ಕಂಪನಿಯ ಧ್ವನಿಮುದ್ರಣ ಮೂರನೆಯದು. ಮೂರಕ್ಕೂ ಬೇರೆ ಬೇರೆ ಯಜಮಾನರು ಇರಬಹುದು. ಹಾಡುಗಾರರಿಗೂ ಪ್ರತ್ಯೇಕ ಹಕ್ಕುಂಟು.

ಸಾಹಿತ್ಯ ಮತ್ತು ರಾಗಕ್ಕೆ ನೀವು ಮೊದಲು ಹೋಗಬೇಕಾದ ಕಡೆ ಐಪಿಆರ್‌ಎಸ್. ಗೀತರಚನೆಕಾರರು, ಸಂಗೀತ ನಿರ್ದೇಶಕರು ಮತ್ತು ಸಂಗೀತ ಕಂಪನಿಗಳು ಸೇರಿರುವ ಸೊಸೈಟಿ ಅದು. 1969ರಿಂದ ಇದೆ. ಇದಕ್ಕೆ ದುಡ್ಡು ಕಟ್ಟುವುದನ್ನು ದಂಡ ಎಂದುಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 2012ರ ತಿದ್ದುಪಡಿ ಒಂದು ದೊಡ್ಡ ಅನ್ಯಾಯವನ್ನು ಸರಿ ಮಾಡಿತು. ಸಿನಿಮಾವನ್ನು ಥಿಯೇಟರ್‌ನಲ್ಲಿ ತೋರಿಸುವುದು ಬಿಟ್ಟು ಬೇರೆಲ್ಲಿ ಹಾಡು ಬಳಸಿದರೂ, ಬರೆದವರಿಗೆ ಮತ್ತು ಸಂಗೀತ ಕೊಟ್ಟವರಿಗೆ ರಾಯಲ್ಟಿಯಲ್ಲಿ ಸಮಪಾಲು ಹೋಗಬೇಕು. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳಲು ಅವರಿಗೇ ಅವಕಾಶವಿಲ್ಲ. ಒಂದೇ ಸಲ ಸಂಭಾವನೆ ಪಡೆದು, ಆಮೇಲೆ ತಮ್ಮದೇ ಹಾಡನ್ನು ರೇಡಿಯೊದಲ್ಲಿ ಬರಿಗೈಯಲ್ಲಿ ಕೇಳಿದ ಕವಿಗಳು ನಮ್ಮಲ್ಲಿ ಎಷ್ಟೊಂದು ಜನ ಇದ್ದರು!

ಧ್ವನಿಮುದ್ರಣದ ಕಡೆ ಕೆಲಸ ಜಾಸ್ತಿ. ಕೆಲವು ಲೇಬಲ್‌ಗಳ, ಅಂದರೆ ರೆಕಾರ್ಡ್ ಕಂಪನಿಗಳ, ಪರವಾಗಿ ಪಿಪಿಎಲ್ ಎಂಬ ಸಂಸ್ಥೆ ಲೈಸೆನ್ಸ್ ಕೊಡುತ್ತದೆ, ಕೆಲವರ ಪರವಾಗಿ ಆರ್‌ಎಂಪಿಎಲ್ ಎಂಬ ಇನ್ನೊಂದು ಸಂಸ್ಥೆ. ಕೆಲವು ಕಂಪನಿಗಳು ತಾವೇ ಕೊಡುತ್ತವೆ. ಆದ್ದರಿಂದ ನೀವು ಹಾಕುವ ಹಾಡುಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಲೇಬಲ್ ಹೆಸರು ಬರೆಯಿರಿ. ಪಟ್ಟಿ ಮುಗಿಯುವ ಹೊತ್ತಿಗೆ ನಿಮ್ಮ ಹೆಚ್ಚಿನ ಹಾಡುಗಳು ನಾಲ್ಕೈದು ಲೇಬಲ್‌ಗಳಲ್ಲೇ ಇರುವುದು ಕಾಣಬಹುದು. ಉಳಿದ ಹಾಡುಗಳನ್ನು ಸದ್ಯಕ್ಕೆ ಕೈಬಿಡಿ. ಇನ್ನೊಂದು ಎಚ್ಚರಿಕೆ: ಹೋಟೆಲಿಗೋ ಕಲ್ಯಾಣ ಮಂಟಪಕ್ಕೋ ಕೊಡುವ ಲೈಸೆನ್ಸನ್ನು ‘ಇದೇ ಸಾಕು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಟರ್ನೆಟ್‌ನಲ್ಲಿ ಪ್ರಸಾರ ಎಂದು ಅದರಲ್ಲಿ ಬರೆದಿರಲೇಬೇಕು.

ಈಗ ಎಫ್‌ಎಂ ರೇಟಿನ ಮಾತು. ಕಾಯ್ದೆಯ 31ಡಿ ಕಲಮಿನಲ್ಲಿ ರೇಡಿಯೊ, ಟಿವಿಯವರಿಗೆ ಒಂದು ಅನುಕೂಲವಿದೆ. ಹಾಡಿನ ಒಡೆಯರು ಒಪ್ಪದಿದ್ದರೂ, ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ರಾಯಲ್ಟಿ ಕಟ್ಟಿ ಹಾಡು ಹಾಕಬಹುದು. ಇದು ಇಂಟರ್ನೆಟ್‌ಗೂ ಅನ್ವಯಿಸುತ್ತದೆ ಎಂದು 2016ರಲ್ಲಿ ಕೇಂದ್ರದ ಕೈಗಾರಿಕಾ ನೀತಿ ಇಲಾಖೆ ಒಂದು ಟಿಪ್ಪಣಿ ಹೊರಡಿಸಿತ್ತು. ಆದರೆ ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಹಾಡಿನ ಆ್ಯಪ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಅದನ್ನು ಒಪ್ಪಲಿಲ್ಲ. 31ಡಿ ಇರುವುದು ರೇಡಿಯೊ ಮತ್ತು ಟಿವಿಗೆ ಮಾತ್ರ ಎಂದಿತು. 2022ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಂದರೆ ನೀವು ಮಾತಾಡಿ ಒಪ್ಪಿಸಿಯೇ ಲೈಸೆನ್ಸ್ ಪಡೆಯಬೇಕು. ‘ಕೊಡಲ್ಲ’ ಎನ್ನುವ ಹಕ್ಕು ಲೇಬಲ್‌ಗಿದೆ. ದೊಡ್ಡ ಆ್ಯಪ್‌ಗೂ ನಿಮ್ಮ ಒಂದು ಕೋಣೆಗೂ ಒಂದೇ ಬಾಗಿಲು ತೋರಿಸುವುದು ನ್ಯಾಯವಲ್ಲ, ಸಣ್ಣವರಿಗೆ ಬೇರೆ ದರ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಇರುವ ದಾರಿ ಮಾತ್ರ ಇದೇ.

ಮಾತಾಡಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ತಿಂಗಳಿಗೆ ಒಟ್ಟು ಎಷ್ಟು ಗಂಟೆ ಕೇಳಿದ್ದಾರೆ, ಅದರಲ್ಲಿ ಸಂಗೀತ ಎಷ್ಟು, ಮಾತು ಎಷ್ಟು, ಜಾಹೀರಾತಿನಿಂದ ಬಂದದ್ದು ಎಷ್ಟು, ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಿ. ನಿಮ್ಮ ಸರ್ವರ್‌ನಲ್ಲೇ ಈ ಲೆಕ್ಕ ಸಿಗುತ್ತದೆ. ‘ನಾವು ಬಡವರು’ ಎಂದು ಹೇಳುವುದಕ್ಕಿಂತ ಈ ಪುಟ ಹೆಚ್ಚು ಕೆಲಸ ಮಾಡುತ್ತದೆ.

ಲೈಸೆನ್ಸ್ ಬರುವವರೆಗೆ ಸಿನಿಮಾ ಹಾಡು ನಿಲ್ಲಿಸಿ. ತಿಳಿದೂ ತಿಳಿದೂ ಕಾಪಿರೈಟ್ ಮುರಿದರೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಎಂದಿದೆ. ನಿಮಗೆ ಮೇಲ್ ಬಂದಾಗಿದೆ. ಇನ್ನು ‘ಗೊತ್ತಿರಲಿಲ್ಲ’ ಎನ್ನಲು ಆಗುವುದಿಲ್ಲ. ಮಂಡಿ ರೇಟು, ಮಾತುಕತೆ ಮುಂದುವರಿಯಲಿ. ಅದನ್ನು ಕಾಯುವ ರೈತರಿದ್ದಾರೆ.

ಪ್ರಶ್ನೆ: ಮಾಲೂರಿನ ನಮ್ಮ ಮನೆಯಲ್ಲಿ ತಾತನ ಕಾಲದ ಗ್ರಾಮಫೋನ್ ಪ್ಲೇಟುಗಳಿವೆ. ಇಷ್ಟು ಹಳೆಯದಕ್ಕೆ ಹಕ್ಕು ಇರುತ್ತಾ? ಇವನ್ನು ರೇಡಿಯೊದಲ್ಲಿ ಹಾಕಬಹುದಾ?

ಉತ್ತರ: ಪ್ಲೇಟಿನ ವಯಸ್ಸು ಒಂದೇ ನೋಡಿದರೆ ಸಾಲದು. ಧ್ವನಿಮುದ್ರಣದ ಹಕ್ಕು ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ. 1960ರಲ್ಲಿ ಬಂದ ಪ್ಲೇಟಿನ ಹಕ್ಕು 2020ರ ಡಿಸೆಂಬರ್ 31ಕ್ಕೆ ತೀರಿತು. ಆದರೆ ಸಾಹಿತ್ಯ ಮತ್ತು ರಾಗದ ಲೆಕ್ಕವೇ ಬೇರೆ. ಅದು ಕರ್ತೃ ತೀರಿಕೊಂಡ ವರ್ಷದ ನಂತರ 60 ವರ್ಷ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ. ಅವರ ಕವಿತೆ ಇರುವ ಪ್ಲೇಟು ಎಷ್ಟೇ ಹಳೆಯದಾಗಿರಲಿ, ಸಾಹಿತ್ಯದ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಅವರ ಪದ್ಯಗಳಿಗೆ 2035ರವರೆಗೆ. ನಿಮ್ಮದೇ ತಾಲ್ಲೂಕಿನ ಮಾಸ್ತಿಯವರ ರಚನೆಗಳಿಗೆ 2046ರವರೆಗೆ. ಪ್ಲೇಟಿನ ಮೇಲಿರುವುದು ದಾಸರ ಪದವಾದರೆ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಅಂಥವನ್ನು ಮೊದಲು ಆರಿಸಿ.

ಪ್ರಶ್ನೆ: ಶ್ರೀನಿವಾಸಪುರದ ಕಡೆ ಭಜನೆ ತಂಡಗಳು ಕೈವಾರ ತಾತಯ್ಯನವರ ತತ್ವಪದ ಹಾಡುತ್ತವೆ. ಸೋಬಾನೆ ಹಾಡುವ ಅಜ್ಜಿಯರಿದ್ದಾರೆ. ಇವಕ್ಕೂ ಲೈಸೆನ್ಸ್ ಬೇಕಾ?

ಉತ್ತರ: ಈ ಪ್ರಶ್ನೆ ನೋಡಿ ನನಗೆ ತುಂಬ ಖುಷಿಯಾಯಿತು. ತಾತಯ್ಯನವರ ಪದ, ತಲೆತಲಾಂತರದಿಂದ ಬಂದ ಸೋಬಾನೆ, ಇವು ಎಲ್ಲರ ಸ್ವತ್ತು. ಯಾರಿಗೂ ರಾಯಲ್ಟಿ ಕೊಡಬೇಕಿಲ್ಲ. ಆದರೆ ಅದೇ ಪದವನ್ನು ಒಂದು ಕಂಪನಿ ರೆಕಾರ್ಡ್ ಮಾಡಿ ಮಾರಿದ್ದರೆ, ಆ ರೆಕಾರ್ಡಿಂಗ್ ಅವರದು. ಹಾಗಾಗಿ ಸಿ.ಡಿ. ಹಾಕಬೇಡಿ. ನೀವೇ ಮೈಕ್ ಹಿಡಿದುಕೊಂಡು ಊರಿಗೆ ಹೋಗಿ.

ಜನಪದ ಎಂದು ನಾವು ಅಂದುಕೊಂಡ ಎಲ್ಲವೂ ಜನಪದವಲ್ಲ ಅನ್ನುವುದು ನೆನಪಿರಲಿ. ಕೋಲಾರ ಹೋರಾಟದ ಹಾಡುಗಳ ನೆಲ. ಮೆರವಣಿಗೆಯಲ್ಲಿ ಸಾವಿರ ಬಾಯಲ್ಲಿ ಹರಿದ ಹಾಡಿಗೂ ಬರೆದವರು ಒಬ್ಬರಿರುತ್ತಾರೆ. ಎಷ್ಟೋ ಸಲ ಅವರು ಇಲ್ಲೇ, ನಮ್ಮ ನಡುವೆಯೇ ಇರುತ್ತಾರೆ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಿ ಬಂದು, ಫೋನಿನಲ್ಲಿ ಹಿಡಿದದ್ದನ್ನು ಮರುದಿನ ರೇಡಿಯೊಗೆ ಹಾಕಿಬಿಡಬಾರದು. ಬರೆದವರನ್ನೂ ಹಾಡಿದವರನ್ನೂ ಕೇಳಬೇಕು.

ಕೇಳುವುದು ಬಾಯಿ ಮಾತಿನಲ್ಲಿ ಬೇಡ. ಲೈಸೆನ್ಸ್ ಬರಹದಲ್ಲೇ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡದಲ್ಲಿ ಅರ್ಧ ಪುಟ ಸಾಕು. ಆದರೆ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದಾಗುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದಾಗುತ್ತದೆ. ಇಂಟರ್ನೆಟ್ ರೇಡಿಯೊವನ್ನು ದುಬೈನಲ್ಲೂ ಕೇಳುತ್ತಾರೆ ಅಲ್ವಾ? ‘ಪ್ರಪಂಚದ ಎಲ್ಲ ಕಡೆ’ ಎಂದು ಬರೆಸಿ. ಒಂದು ವರ್ಷದೊಳಗೆ ನೀವು ಬಳಸದಿದ್ದರೆ ಹಕ್ಕು ಹೋಗುವ ಸಾಧ್ಯತೆಯೂ ಉಂಟು, ಅದಕ್ಕೂ ಒಂದು ಸಾಲು ಸೇರಿಸಿ. ಎಷ್ಟು ದುಡ್ಡು ಎಂದೂ ಬರೆಯಿರಿ. ಕಡಿಮೆಯಾದರೂ ಸರಿ, ಕೊಡಿ. ಓದಲು ಬಾರದ ಅಜ್ಜಿಗೆ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ, ಅದನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಇದು ಆಗದ ಕೆಲಸವೇನಲ್ಲ. ನಿಮ್ಮ ಜಿಲ್ಲೆಯ ಬೂದಿಕೋಟೆಯಲ್ಲೇ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ಶುರುವಾದಾಗ ಹಳ್ಳಿಯವರಿಗೆ ರೇಡಿಯೊ ತರಂಗದ ಲೈಸೆನ್ಸ್ ಸಿಗುತ್ತಿರಲಿಲ್ಲ. ಕೇಬಲ್ ತಂತಿಯಲ್ಲಿ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಊರಿನವರ ದನಿಯೇ ಅವರ ಬಂಡವಾಳವಾಗಿತ್ತು.

ಪ್ರಶ್ನೆ: ಕೆ.ಜಿ.ಎಫ್.ನಿಂದ ಬರೆಯುತ್ತಿದ್ದೇನೆ. ಅಮೆರಿಕದ ಒಂದು ಕಂಪನಿ ಸರ್ವರ್ ಜೊತೆ ‘ಸಂಗೀತ ಲೈಸೆನ್ಸ್ ಸೇರಿದೆ’ ಎನ್ನುತ್ತದೆ. ಅಷ್ಟು ಸಾಕಾ?

ಉತ್ತರ: ಸಾಕಾಗುವುದಿಲ್ಲ. ಆ ಲೈಸೆನ್ಸ್ ಅದರಲ್ಲಿ ಹೆಸರಿಸಿದ ದೇಶಗಳ ಕೇಳುಗರಿಗೆ ಮಾತ್ರ. ಆಂಡರ್ಸನ್‌ಪೇಟೆಯಲ್ಲಿ ಕೇಳುವವರಿಗೆ ಭಾರತದ ಅನುಮತಿಯೇ ಬೇಕು. ಅಮೆರಿಕದಲ್ಲಿ ಧ್ವನಿಮುದ್ರಣದ ರಾಯಲ್ಟಿಯನ್ನು ಸೌಂಡ್‌ಎಕ್ಸ್‌ಚೇಂಜ್ ಸಂಗ್ರಹಿಸುತ್ತದೆ. ಒಂದು ಹಾಡು, ಒಬ್ಬ ಕೇಳುಗ, ಇಷ್ಟು ಎಂದು ಲೆಕ್ಕ. ಸಣ್ಣ ಸ್ಟೇಷನ್‌ಗಳಿಗೆ ವರಮಾನದಲ್ಲಿ ಪಾಲು ಕೊಡುವ ರಿಯಾಯಿತಿ ಇತ್ತು, 2015ರ ಕೊನೆಗೆ ಮುಗಿಯಿತು. 2016ರ ದರ 0.0017 ಡಾಲರ್. ನೋಡಲು ಧೂಳಿನ ಕಣ. ಆದರೆ ಗಂಟೆಗೆ ಹನ್ನೆರಡು ಹಾಡು, ಹತ್ತು ಗಂಟೆ, ಇಪ್ಪತ್ತು ಕೇಳುಗರು ಎಂದರೆ ದಿನಕ್ಕೆ 2,400 ಸಲ. ತಿಂಗಳಿಗೆ 122 ಡಾಲರ್ ಆಯಿತು. ಆಮೇಲೆ ದರ ಇನ್ನೂ ಏರಿದೆ. ಸಾವಿರಾರು ಸಣ್ಣ ಸ್ಟೇಷನ್‌ಗಳಿಗೆ ನೆಲೆ ಕೊಟ್ಟಿದ್ದ ಲೈವ್365 ಕೂಡ 2016ರ ಜನವರಿಯಲ್ಲಿ ಬಾಗಿಲು ಹಾಕಿತು, ಮತ್ತೆ ತೆರೆದದ್ದು 2017ರಲ್ಲಿ. ನಿಮಗೆ ಅಲ್ಲಿ ಕೇಳುಗರು ಇಲ್ಲದಿದ್ದರೆ ಆ ಪ್ಯಾಕೇಜಿನ ದುಡ್ಡನ್ನು ಇಲ್ಲಿನ ಲೈಸೆನ್ಸ್‌ಗೆ ಉಳಿಸಿ.

ಪ್ರಶ್ನೆ: ಲೈಸೆನ್ಸ್ ಇದ್ದರೆ, ಪ್ರಸಾರವಾದ ಕಾರ್ಯಕ್ರಮವನ್ನು ಆಮೇಲೆ ಬೇಕಾದಾಗ ಕೇಳುವಂತೆ ನೆಟ್‌ನಲ್ಲಿ ಇಡಬಹುದಾ? (ಕೋಲಾರ)

ಉತ್ತರ: ಹಾಡಿನ ಸಮೇತ ಇಡಬೇಡಿ. ನೇರ ಪ್ರಸಾರದ ಅನುಮತಿ ಬೇರೆ, ಕೇಳುಗರು ಆರಿಸಿ ಕೇಳುವುದಕ್ಕೆ ಅನುಮತಿ ಬೇರೆ. ಹಾಡು ಕತ್ತರಿಸಿ, ಮಾತಿನ ಭಾಗ ಮಾತ್ರ ಇಡಿ. ರೆಕಾರ್ಡ್ ಮಾಡುವಾಗಲೇ ಮಾತು ಮತ್ತು ಹಾಡನ್ನು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿಕೊಂಡರೆ ಆಮೇಲೆ ಕತ್ತರಿಸುವ ಕಷ್ಟ ಇರುವುದಿಲ್ಲ.