ಕಾಯಂ ಪ್ರದರ್ಶನ ಅಂದಮೇಲೆ ಹಳೆಯ ಚಿತ್ರಗಳ ಜಾಗ ಯಾಕೆ ಬದಲಾಯಿಸುತ್ತಾರೆ?

ಇದ್ದಲ್ಲೇ ಚೆನ್ನಾಗಿದ್ದ ಚಿತ್ರಗಳನ್ನು ಮ್ಯೂಸಿಯಂನವರು ಸುಮ್ನೆ ಯಾಕೆ ಕದಲಿಸುತ್ತಾರೆ ಅಂತ ಕೇಳಿದ್ದೀರಿ. ಕಾಯಂ ಅನ್ನುವ ಮಾತು ಚಿತ್ರ ಆ ಮ್ಯೂಸಿಯಂನ ಸ್ವಂತದ್ದು ಅನ್ನೋದಕ್ಕೆ ಅಷ್ಟೇ, ಅದು ತೂಗುವ ಮೊಳೆಗಲ್ಲ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ಈ ಚಿತ್ರಗಳಲ್ಲಿ ಹೆಚ್ಚಿನವನ್ನು ಮ್ಯೂಸಿಯಂ ಗೋಡೆಗೆ ಅಂತ ಬರೆದೇ ಇಲ್ಲ. ಚರ್ಚಿಗೆ, ಅರಮನೆಗೆ, ಯಾರದೋ ಮನೆಗೆ ಅಂತ ಬರೆದದ್ದು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನೇ ನೋಡಿ. 2023ರಲ್ಲಿ ಮುಚ್ಚಿದ್ದ ಅದರ ಒಂದು ಭಾಗ, ಸೇನ್ಸ್‌ಬರಿ ವಿಂಗ್, 2025ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಆಗ ಇಡೀ ಗ್ಯಾಲರಿಯನ್ನು, ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು, ಹೊಸದಾಗಿ ಜೋಡಿಸಿದರು. ಇಟಲಿಯ ಸಿಯೆನಾ ಊರಿನ ಚಿತ್ರಕಾರ ಸೆನ್ಯಾ ದಿ ಬೊನವೆಂತುರ 14ನೇ ಶತಮಾನದ ಶುರುವಿನಲ್ಲಿ ಬರೆದ ದೊಡ್ಡ ಶಿಲುಬೆ ಈಗ ನಮ್ಮ ತಲೆಯ ಮೇಲೆ, ಎತ್ತರದಲ್ಲಿ ತೂಗುತ್ತಿದೆ. ಚರ್ಚಿನಲ್ಲಿ ಭಕ್ತರು ಕತ್ತೆತ್ತಿ ನೋಡುತ್ತಿದ್ದ ವಸ್ತು ಅದು. ಬೇಲೂರಿನ ಮದನಿಕೆಯನ್ನು ಸೂರಿನ ಕೆಳಗಿಂದ ಇಳಿಸಿ ನಮ್ಮ ಎದುರಿಗೆ ನಿಲ್ಲಿಸಿದರೆ ಅದರ ಬಾಗು ಬೇರೆಯೇ ಕಾಣುತ್ತದೆ, ಅಲ್ವಾ? ಇಲ್ಲೂ ಹಾಗೇ. ನಾನಂತೂ ಆ ಶಿಲುಬೆಯ ಕೆಳಗೆ ಬಹಳ ಹೊತ್ತು ನಿಂತುಬಿಟ್ಟೆ.

ಅಲ್ಲೇ ಇರುವ ಲಿಯೊನಾರ್ಡೊ ದಾ ವಿಂಚಿಯ 'ಬರ್ಲಿಂಗ್ಟನ್ ಹೌಸ್ ಕಾರ್ಟೂನ್'ಗೆ ಕಾರಣ ಬೇರೆ. ಇಲ್ಲಿ ಕಾರ್ಟೂನ್ ಅಂದರೆ ನಗೆಚಿತ್ರವಲ್ಲ, ದೊಡ್ಡ ಚಿತ್ರಕ್ಕೆ ಮೊದಲು ಬರೆಯುವ ಪೂರ್ತಿ ಗಾತ್ರದ ಕರಡು. ಅದು ಬಣ್ಣದ ಚಿತ್ರವಲ್ಲ, ಎಂಟು ಹಾಳೆ ಅಂಟಿಸಿ ಇದ್ದಿಲು, ಚಾಕಿನಲ್ಲಿ ಬರೆದದ್ದು. ಕಾಗದಕ್ಕೆ ಬೆಳಕು ಆಗುವುದಿಲ್ಲ. ಅದಕ್ಕೇ ಅದಕ್ಕೊಂದು ಪುಟ್ಟ, ಮಬ್ಬು ಕೋಣೆ.

ಒಂದು ಚಿತ್ರ ಕದಲಿಸಿದರೆ ಪಕ್ಕದ ಹತ್ತು ಕದಲುತ್ತವೆ. ಗೋಡೆಯ ಉದ್ದ, ಚೌಕಟ್ಟಿನ ಅಗಲ, ಮೇಲಿನಿಂದ ಬೀಳುವ ಬೆಳಕು, ಅಕ್ಕಪಕ್ಕದ ಚಿತ್ರದ ಗಾತ್ರ, ಎಲ್ಲ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಕ್ಯುರೇಟರ್‌ಗಳು, ಅಂದರೆ ಸಂಗ್ರಹ ನೋಡಿಕೊಂಡು ಪ್ರದರ್ಶನ ಜೋಡಿಸುವವರು, ಕೋಣೆಯ ಸಣ್ಣ ಮಾದರಿ ಮಾಡಿಕೊಂಡು ಬೆರಳಗಲದ ಚಿತ್ರಗಳನ್ನು ಅದರಲ್ಲಿ ಅಂಟಿಸಿ ಕಿತ್ತು ಮತ್ತೆ ಅಂಟಿಸಿ ನೋಡುತ್ತಾರೆ. ನನಗೆ ಇದು ಬಹಳ ಗೌರವದ ಕೆಲಸ ಅನ್ನಿಸುತ್ತದೆ, ಯಾಕೆಂದರೆ ಹಿಂದೆ ಹೀಗಿರಲಿಲ್ಲ. ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಅನ್ನುವ ದೊಡ್ಡ ಚಿತ್ರವನ್ನು 1715ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಟೌನ್ ಹಾಲಿಗೆ ಸಾಗಿಸಿದಾಗ, ಅಲ್ಲಿನ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿಬಿಟ್ಟರು. ಚಿತ್ರದ ಎಡ ತುದಿಯಲ್ಲಿ ನಿಂತಿದ್ದವರು ಆ ತುಂಡಿನ ಜೊತೆಗೇ ಹೋದರು. ಆ ತುಂಡುಗಳು ಇವತ್ತಿಗೂ ಸಿಕ್ಕಿಲ್ಲ. ಮೊದಲು ಹೇಗಿತ್ತು ಅಂತ ಗೊತ್ತಾಗುವುದು ಗೆರಿಟ್ ಲುಂಡೆನ್ಸ್ ಆ ಕಾಲದಲ್ಲೇ ಮಾಡಿದ ಒಂದು ಪುಟ್ಟ ನಕಲಿನಿಂದ, ಮತ್ತೆ ಆ ನಕಲು ಇದೇ ಲಂಡನ್ ಗ್ಯಾಲರಿಯ ಆಸ್ತಿ.

ನೀವು ಒಂದೇ ಚಿತ್ರಕ್ಕಾಗಿ ದೂರದಿಂದ ಹೋಗುವವರಾದರೆ, ಹೊರಡುವ ಮುಂಚೆ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಆ ಚಿತ್ರದ ಪುಟ ತೆಗೆದು ನೋಡಿ. ಯಾವ ನಂಬರಿನ ಕೋಣೆಯಲ್ಲಿದೆ, ಅಥವಾ ಈಗ ಪ್ರದರ್ಶನದಲ್ಲೇ ಇಲ್ಲವಾ ಅಂತ ದೊಡ್ಡ ಮ್ಯೂಸಿಯಂಗಳು ಸಾಮಾನ್ಯವಾಗಿ ಹಾಕಿರುತ್ತವೆ.