ಹುಬ್ಬಿಗೆ ಗುಲಗಂಜಿ ಹಚ್ಚಬೇಡಿ

ಪ್ರಶ್ನೆ: ನನಗೆ 29 ವರ್ಷ. ಮೊದಲು ತಲೆಯಲ್ಲಿ ರೂಪಾಯಿ ಅಗಲ ಕೂದಲು ಉದುರಿತು. ಈಗ ಹುಬ್ಬು, ರೆಪ್ಪೆಗೂದಲು ಎರಡೂ ಹೋಗಿವೆ. ಅಲೋಪೇಶಿಯಾ ಏರಿಯೇಟಾ ಅಂದರು ಡಾಕ್ಟರ್. ಅತ್ತೆಯವರು ‘ಹುಳ ತಿಂದಿದೆ, ಗುಲಗಂಜಿ ತೇಯ್ದು ಹಚ್ಚು’ ಅಂತಾರೆ. ಇಂಜೆಕ್ಷನ್ ತಗೊಳ್ಳಲಾ?

ಹುಳವೂ ಇಲ್ಲ, ಗಿಳವೂ ಇಲ್ಲ. ಸೋಂಕಿನ ಜೊತೆ ಹೊಡೆದಾಡಬೇಕಾದ ರಕ್ತಕಣಗಳು ನಿಮ್ಮದೇ ಕೂದಲಿನ ಬುಡದ ಮೇಲೆ ಮುಗಿಬಿದ್ದಿವೆ. ಬುಡ ಸತ್ತಿಲ್ಲ, ಹಾಗಾಗಿ ಕೂದಲು ಮತ್ತೆ ಬರಬಹುದು. ಗುಲಗಂಜಿ ಬೇಡವೇ ಬೇಡ. ಅದರಲ್ಲಿ ಅಬ್ರಿನ್ ಅನ್ನೋ ಘೋರ ವಿಷವಿದೆ. ಬೆವರಿನ ಜೊತೆ ಕಣ್ಣಿಗೆ ಇಳಿದರೆ ಕಣ್ಣೇ ಹಾಳಾಗಬಹುದು. ಬೆಳ್ಳುಳ್ಳಿ ತಿಕ್ಕಿ ಹುಬ್ಬಿನ ಚರ್ಮ ಸುಟ್ಟುಕೊಂಡು ಬರುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಹುಬ್ಬಿಗೆ ಇಂಜೆಕ್ಷನ್ ತಗೊಳ್ಳಿ. ಆದರೆ ಸೂಜಿ ಹಿಡಿಯುವ ಮೊದಲು ನಾನು ಹುಬ್ಬಿನ ಮೇಲೆ ಹತ್ತಿ ಎಳೆ ಆಡಿಸಿ, ಮುಟ್ಟಿದ್ದು ಗೊತ್ತಾಗುತ್ತಾ ಅಂತ ಕೇಳುತ್ತೇನೆ. ಕುಷ್ಠರೋಗದಲ್ಲೂ ಹುಬ್ಬು ಉದುರುತ್ತದೆ, ಮುಟ್ಟಿದ್ದೂ ಗೊತ್ತಾಗದೆ ಹೋಗಬಹುದು, ಅದನ್ನು ಮರೆಯುವಂತಿಲ್ಲ. ಕೊಡುವುದು ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್. ತಲೆಗೆ ಕೊಡುವುದಕ್ಕಿಂತ ತೆಳು ಮಾಡಿ, ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 2.5 ಮಿಲಿಗ್ರಾಂ. ಹುಬ್ಬಿನುದ್ದಕ್ಕೂ ಹನಿ ಹನಿಯಾಗಿ, 4ರಿಂದ 6 ವಾರಕ್ಕೊಮ್ಮೆ. ಜಾಸ್ತಿಯಾದರೆ ಚರ್ಮ ಕುಳಿ ಬೀಳುತ್ತದೆ. ಕಣ್ಣಿನ ಒತ್ತಡದ ತೊಂದರೆ ಇದ್ದರೆ ಮೊದಲೇ ಹೇಳಿ. ಹೊಸ ಕೂದಲು ಶುರುವಿನಲ್ಲಿ ಬೆಳ್ಳಗೆ, ನವಿರಾಗಿ ಬರಬಹುದು. ಗಾಬರಿ ಬೇಡ.

ರೆಪ್ಪೆಗೆ ಮಾತ್ರ ನಾನು ಸೂಜಿ ಹಾಕುವುದಿಲ್ಲ. ರೆಪ್ಪೆಗೂದಲು ಬೆಳೆಸುವ ಬಿಮಾಟೊಪ್ರಾಸ್ಟ್ ದ್ರಾವಣ ಕೆಲವರಿಗೆ ಕೆಲಸ ಮಾಡುತ್ತದೆ, ಈ ಕಾಯಿಲೆಯಲ್ಲಿ ಎಲ್ಲರಿಗೂ ಅಲ್ಲ. ರೆಪ್ಪೆಯ ಚರ್ಮ ಕಪ್ಪಾಗಬಹುದು. ಕಣ್ಣಿನ ಡಾಕ್ಟರ್ ನೋಡದೆ ನಾನಂತೂ ಬರೆದುಕೊಡುವುದಿಲ್ಲ. ಅಲ್ಲಿವರೆಗೆ ಹೊರಗೆ ಹೋಗುವಾಗ ಕನ್ನಡಕ ಹಾಕಿ. ಧೂಳು ತಡೆಯಲು ರೆಪ್ಪೆಗೂದಲು ಇಲ್ಲ, ಅಲ್ವಾ?

ತಲೆಗೂದಲೂ ತುಂಬಾ ಹೋದರೆ, ರಕ್ತಕಣಗಳ ಈ ದಾಳಿಯನ್ನು ತಗ್ಗಿಸುವ ಜಾಕ್ ಇನ್ಹಿಬಿಟರ್ ಮಾತ್ರೆಗಳಿವೆ. ಅವುಗಳಲ್ಲಿ ಬ್ಯಾರಿಸಿಟಿನಿಬ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಹುಬ್ಬು, ರೆಪ್ಪೆಯೂ ಎಷ್ಟೋ ಜನರಿಗೆ ಮರಳಿವೆ. ಆದರೆ ಮಾತ್ರೆ ನಿಲ್ಲಿಸಿದರೆ ಮತ್ತೆ ಉದುರುವುದು ಸಾಮಾನ್ಯ. ಒಳಗೆ ಅಡಗಿರುವ ಟಿಬಿ ಎದ್ದು ಕೂರಬಹುದು. ಟಿಬಿ, ಹೆಪಟೈಟಿಸ್, ಲಿವರ್ ಪರೀಕ್ಷೆ ಮಾಡಿಸದೆ ಸುಮ್ನೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಮಗುವಿನ ಯೋಚನೆ ಇದ್ದರೆ ಈಗ ಈ ಮಾತ್ರೆ ಬೇಡ.

ಪ್ರಶ್ನೆ: ಹರಳೆಣ್ಣೆ ಹಚ್ಚಿದರೆ ಹುಬ್ಬು ಬರುತ್ತಾ?

ಇಲ್ಲ.

ಪ್ರಶ್ನೆ: ಒಂದೇ ಟವೆಲ್ ಬಳಸಿದರೆ ಮಕ್ಕಳಿಗೆ ಅಂಟುತ್ತಾ?

ಅಂಟುವುದಿಲ್ಲ. ಮಕ್ಕಳನ್ನು ದೂರ ಇಡಬೇಡಿ.

ಪ್ರಶ್ನೆ: ಹುಬ್ಬಿಗೆ ಕೂದಲು ಕಸಿ ಮಾಡಿಸಲಾ?

ಕಾಯಿಲೆ ಜೋರಾಗಿರುವಾಗ ಬೇಡ. ನೆಟ್ಟ ಕೂದಲೂ ಉದುರುತ್ತದೆ.