‘ತಂದೆಯೇ’ ಅನ್ನಲು ಬಾಯಿ ಬರುತ್ತಿಲ್ಲ

ಪ್ರಶ್ನೆ: ನನಗೆ 36 ವರ್ಷ. ಗಂಡನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ‘ದೇವರು ತಂದೆ ಅಲ್ವಾ, ಪ್ರೀತಿಸುವ ಮಕ್ಕಳನ್ನೇ ಶಿಕ್ಷಿಸುತ್ತಾನೆ’ ಎಂದರು ನಮ್ಮ ಸಭೆಯ ಹಿರಿಯರು. ನನ್ನಪ್ಪ ಕುಡಿದು ಬಂದು ಹೊಡೆಯುತ್ತಿದ್ದರು, ‘ನಿನ್ನ ಒಳ್ಳೇದಕ್ಕೇ’ ಅನ್ನುತ್ತಿದ್ದರು. ಈಗ ಆರಾಧನೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎನ್ನುವಾಗ ಬಾಯಿ ಕಟ್ಟುತ್ತದೆ. ಡಯಾಲಿಸಿಸ್ ಬಿಡಿಸಿ ಸ್ವಸ್ಥತೆಯ ಪ್ರಾರ್ಥನೆಗೆ ಕರೆದೊಯ್ಯೋಣ ಎಂದು ನಾದಿನಿಯ ಹಟ. ನನ್ನ ವಿಶ್ವಾಸ ಸತ್ತುಹೋಯಿತೇ?

ಉತ್ತರ: ಸಹೋದರಿ, ಮೊದಲು ತಡ ಮಾಡಬಾರದ ಮಾತು. ಡಯಾಲಿಸಿಸ್ ಒಂದು ಸಲವೂ ತಪ್ಪಬಾರದು. ತಪ್ಪಿದರೆ ಮೈಯಲ್ಲಿ ನೀರು, ಪೊಟ್ಯಾಸಿಯಂ ಸೇರಿಕೊಳ್ಳುತ್ತವೆ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯವೇ ನಿಂತುಬಿಡಬಹುದು. ನಾದಿನಿಗೆ ಪ್ರಾರ್ಥಿಸಲೇಬೇಕು ಅನಿಸಿದರೆ ಅಣ್ಣನ ಹಾಸಿಗೆಯ ಪಕ್ಕ ಕೂತು ಪ್ರಾರ್ಥಿಸಲಿ, ಹೇಗೂ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಬಿಪಿಎಲ್ ಕುಟುಂಬದವರಿಗೆ ಡಯಾಲಿಸಿಸ್ ಉಚಿತ.

ಇನ್ನು ಆ ಹಿರಿಯರ ಮಾತು. ಅದು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿದೆ, ನಿಜ. ಆದರೆ ಆ ಪತ್ರ ಹೋದದ್ದು ನಂಬಿಕೆಗಾಗಿ ಅವಮಾನ ಉಂಡವರಿಗೆ, ಆಸ್ತಿ ಕಳಕೊಂಡವರಿಗೆ. ಒಬ್ಬರ ಕಿಡ್ನಿ ಯಾಕೆ ಹೋಯಿತು ಎಂಬುದಕ್ಕೆ ಅದರಲ್ಲಿ ಉತ್ತರ ಹುಡುಕಬಾರದು. ಹುಟ್ಟುಕುರುಡನನ್ನು ನೋಡಿ ‘ಯಾರ ಪಾಪ?’ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಏನೆಂದರು? ಇವನದೂ ಅಲ್ಲ, ಇವನನ್ನು ಹೆತ್ತವರದೂ ಅಲ್ಲ ಎಂದರು. ಬೈಬಲಿನಲ್ಲಿ ಎಲ್ಲವನ್ನೂ ಕಳಕೊಂಡು ನರಳಿದ ಯೋಬನ ಕಥೆಯಿದೆ. ಅವನ ಗೆಳೆಯರು ಏಳು ದಿನ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ನನಗನಿಸುತ್ತದೆ. ಬಾಯಿ ತೆರೆದು ‘ನಿನ್ನ ಪಾಪವೇ ಕಾರಣ’ ಎಂದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ, ತನ್ನ ಜೊತೆ ಅಷ್ಟೆಲ್ಲ ಜಗಳವಾಡಿದ ಯೋಬನ ಮೇಲಲ್ಲ.

ಈಗ ನಿಮ್ಮ ಬಾಯಿ ಕಟ್ಟುವ ವಿಷಯ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ‘ಅಪ್ಪಾ, ಈ ಪಾತ್ರೆ ನನ್ನಿಂದ ತೊಲಗಲಿ’ ಎಂದು, ಅಂದರೆ ಆ ಸಂಕಟ ತಪ್ಪಲಿ ಎಂದು ಬೇಡಿದರು. ತೊಲಗಲಿಲ್ಲ. ಮರುದಿನ ಶಿಲುಬೆಯ ಮೇಲೆ, ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಂತೆ, ಅವರ ಬಾಯಿಂದ ‘ಅಪ್ಪಾ’ ಬರಲಿಲ್ಲ. ‘ನನ್ನ ದೇವರೇ, ಯಾಕೆ ಕೈಬಿಟ್ಟೆ?’ ಎಂದು ಕೂಗಿದರು. ಅದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ದೇವರ ಮಗನಿಗೇ ಹಾಗಾದರೆ ನಿಮ್ಮ ವಿಶ್ವಾಸ ಸತ್ತಿದೆ ಎಂದು ನಾನು ಹೇಗೆ ಹೇಳಲಿ? ಕೂಗುವುದಕ್ಕೆ ಆ ಕಡೆ ಯಾರೋ ಇದ್ದಾರೆ ಎಂಬ ನಂಬಿಕೆಯಾದರೂ ಬೇಕಲ್ಲ. ನೀವು ಅನುಮಾನಪಡುತ್ತಿರುವುದು ಕುಡಿದು ಹೊಡೆದ ಅಪ್ಪನಂಥ ದೇವರನ್ನು. ಅಂಥವನನ್ನು ನಂಬಲಾಗದಿದ್ದರೆ ಅದು ನಿಮ್ಮ ತಪ್ಪಲ್ಲ.

ಸದ್ಯಕ್ಕೆ ಆ ಸಾಲು ಬಂದಾಗ ಸುಮ್ಮನಿರಿ, ಉಳಿದವರು ಹೇಳುತ್ತಾರೆ. ‘ದೇವರೇ’ ಎಂದರೂ ಸಾಕು. ಪ್ರವಾದಿ ಯೆಶಾಯನ ಗ್ರಂಥದ 66ನೇ ಅಧ್ಯಾಯದಲ್ಲಿ ದೇವರು ತಾಯಿಯಂತೆ ಸಂತೈಸುತ್ತೇನೆ ಎನ್ನುತ್ತಾನೆ. ಅಮ್ಮನ ನೆನಪು ಹಿತವಾಗಿದ್ದರೆ ಅಲ್ಲಿಂದ ಶುರು ಮಾಡಿ. ಅಪ್ಪನ ಹೊಡೆತದ ನೆನಪು ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಹಾಗೇ ಸಭಾಪಾಲಕರ ಹತ್ತಿರ ಸಹಾಯ ಕೇಳಿ. ವಾರಕ್ಕೆ ಒಂದು ದಿನವಾದರೂ ಗಂಡನ ಜೊತೆ ಆಸ್ಪತ್ರೆಗೆ ಬೇರೆ ಯಾರಾದರೂ ಹೋಗಿಬರಲಿ, ನೀವು ಮನೆಯಲ್ಲಿ ನಿದ್ದೆ ಮಾಡಿ. ಆ ಹಿರಿಯರನ್ನೇ ಮೊದಲು ಕೇಳಬಹುದು.